ಸಿಪಾಯಿಯ ಗಡ್ಡ: ವೆಲ್ಲೂರು ಕೋಟೆ ಕಲಿಸುವ ಪಾಠ



ನಮ್ಮ ನಾಡಿನಿಂದ ಚಿಕಿತ್ಸೆಗೆಂದು ವೆಲ್ಲೂರಿಗೆ ಹೋಗಿ ಬಂದವರು ಬಹಳ ಮಂದಿ. ಆಸ್ಪತ್ರೆಯ ಓಡಾಟದ ನಡುವೆ ಬಿಡುವು ಸಿಕ್ಕಾಗ ಆ ಊರಿನ ಕೋಟೆಯನ್ನು ನೀವೂ ನೋಡಿರಬಹುದು. ನೀರು ತುಂಬಿದ ಅಗಲವಾದ ಕಂದಕ, ಗಟ್ಟಿಮುಟ್ಟಾದ ಕಲ್ಲಿನ ಗೋಡೆ. 1806ರ ಜುಲೈ 10ರ ಬೆಳಗಿನ ಜಾವ ಆ ಗೋಡೆಗಳೊಳಗೆ ಹರಿದ ರಕ್ತಕ್ಕೆ ಸೈನಿಕರ ಗಡ್ಡ, ಹಣೆಯ ನಾಮ ಮತ್ತು ತಲೆಯ ಪೇಟಕ್ಕೆ ಸಂಬಂಧಿಸಿದ ಒಂದು ಆದೇಶವೇ ಮುಖ್ಯ ಕಾರಣವಾಗಿತ್ತೆಂಬುದು ನಿಮಗೆ ಗೊತ್ತೇ?

ಸೈನಿಕರು ಗಡ್ಡ ಬಿಡಬಹುದೇ ಎಂಬ ಪ್ರಶ್ನೆ ಇಂದಿಗೂ ನ್ಯಾಯಾಲಯಗಳಲ್ಲಿ, ಪತ್ರಿಕೆಗಳಲ್ಲಿ, ನಮ್ಮ ಮನೆಗಳಲ್ಲಿ ಚರ್ಚೆಯಾಗುತ್ತದೆ. ಸೇನೆಗೆ ಸೇರುವ ಆಸೆಯಿರುವ ನಮ್ಮ ತರುಣರಿಗಂತೂ ಇದು ಬದುಕಿನ ಪ್ರಶ್ನೆ. ಆವೇಶದಿಂದ ಮಾತಾಡುವ ಮೊದಲು ಇತಿಹಾಸ ಏನು ಹೇಳುತ್ತದೆಂದು ನೋಡೋಣ, ಬನ್ನಿ.

ಒಂದು ಕಲಮು, ನೂರಾರು ಸಾವು

1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ್ ಹುತಾತ್ಮರಾದ ಬಳಿಕ ಅವರ ಮಕ್ಕಳನ್ನೂ ಕುಟುಂಬದವರನ್ನೂ ಇಂಗ್ಲಿಷರು ವೆಲ್ಲೂರು ಕೋಟೆಗೆ ಸಾಗಿಸಿದರು. ಕೋಟೆಯ ಕಾವಲಿಗೆ ಬ್ರಿಟಿಷ್ ಸೈನಿಕರ ಜೊತೆಗೆ ಮದ್ರಾಸ್ ಸೇನೆಯ ದೇಶೀ ಸಿಪಾಯಿಗಳೂ ಇದ್ದರು. ಈ ಸಿಪಾಯಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿದ್ದರು.

ಆಗ ಮದ್ರಾಸ್ ಸೇನೆಯ ಮಹಾದಂಡನಾಯಕನಾಗಿದ್ದವನು ಸರ್ ಜಾನ್ ಕ್ರಾಡಾಕ್. ಗವರ್ನರ್ ಆಗಿದ್ದವನು ಲಾರ್ಡ್ ವಿಲಿಯಂ ಬೆಂಟಿಂಕ್. ಸೇನೆ ನೋಡಲು ಅಚ್ಚುಕಟ್ಟಾಗಿರಬೇಕೆಂದು ಕ್ರಾಡಾಕ್ 1805ರ ಕೊನೆಯಲ್ಲಿ ಹೊಸ ಮಾದರಿಯ ಪೇಟವನ್ನು ಗೊತ್ತುಮಾಡಿದನು. ಚರ್ಮದ ಪದಕ ಸಿಕ್ಕಿಸಿದ ಆ ಪೇಟ ಸಿಪಾಯಿಗಳ ಕಣ್ಣಿಗೆ ಯುರೋಪಿಯನ್ನರ ಟೋಪಿಯಂತೆಯೇ ಕಂಡಿತು. 1806ರಲ್ಲಿ ಸೇನೆಯ ಆದೇಶಗಳನ್ನೆಲ್ಲ ಒಂದುಗೂಡಿಸಿದ ಸಂಹಿತೆ ಹೊರಬಂತು. ಅದರ ಹತ್ತನೆಯ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವಾಗ ಸಿಪಾಯಿ ಹಣೆಗೆ ಜಾತಿಸೂಚಕ ಗುರುತು ಹಚ್ಚಬಾರದು, ಕಿವಿಗೆ ಓಲೆ ಹಾಕಬಾರದು. ಪರೇಡಿಗೆ ಗದ್ದ ನುಣ್ಣಗೆ ಬೋಳಿಸಿಕೊಂಡೇ ಬರಬೇಕು. ಮೀಸೆಯೂ ಎಲ್ಲರದೂ ಒಂದೇ ಬಗೆಯಲ್ಲಿರಬೇಕು.

ಇಲ್ಲೊಂದು ಸಂಗತಿಯನ್ನು ಗಮನಿಸಿ. ಸಂಹಿತೆಯಲ್ಲಿದ್ದ ಬಹುಪಾಲು ಆದೇಶಗಳು ಹಳೆಯವು. ಅವುಗಳ ನಡುವೆ ಈ ಹೊಸ ಕಲಮು ಸೇರಿಕೊಂಡಿದ್ದು ಸರ್ಕಾರದ ಗಮನಕ್ಕೇ ಬರಲಿಲ್ಲ. ಗಡ್ಡ ಮುಸ್ಲಿಂ ಸಿಪಾಯಿಗೆ ಏನು, ನಾಮ ಅಥವಾ ವಿಭೂತಿ ಹಿಂದೂ ಸಿಪಾಯಿಗೆ ಏನು ಎಂದು ಕೇಳಿ ತಿಳಿಯುವ ಗೋಜಿಗೆ ಯಾರೂ ಹೋಗಲಿಲ್ಲ. ನಮ್ಮನ್ನು ಕ್ರೈಸ್ತರನ್ನಾಗಿ ಮಾಡಲು ಇದು ಮೊದಲ ಹೆಜ್ಜೆಯೆಂಬ ಸಂಶಯ ಸಿಪಾಯಿಗಳಲ್ಲಿ ಹಬ್ಬಿತು.

1806ರ ಮೇ ತಿಂಗಳಲ್ಲಿ ವೆಲ್ಲೂರಿನ ಸಿಪಾಯಿಗಳು ಹೊಸ ಪೇಟ ಧರಿಸಲು ಒಪ್ಪಲಿಲ್ಲ. 21 ಮಂದಿಯನ್ನು ಹಿಡಿದು ಮದ್ರಾಸಿಗೆ ಕಳಿಸಲಾಯಿತು. ಸೇನಾ ನ್ಯಾಯಾಲಯ ಇಬ್ಬರಿಗೆ ತಲಾ 900 ಛಡಿಯೇಟುಗಳ ಶಿಕ್ಷೆ ವಿಧಿಸಿತು. ಅವರಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಉಳಿದ 19 ಮಂದಿಗೆ 500 ಏಟುಗಳ ಶಿಕ್ಷೆಯಾಗಿತ್ತು. ಕ್ಷಮೆ ಕೇಳಿದ್ದರಿಂದ ಅವರನ್ನು ಬಿಡಲಾಯಿತು. ದಂಗೆಯ ಸಂಚು ನಡೆದಿದೆಯೆಂದು ಮುಸ್ತಫಾ ಬೇಗ್ ಎಂಬ ಸಿಪಾಯಿ ಜೂನ್ ತಿಂಗಳಲ್ಲೇ ಅಧಿಕಾರಿಗಳಿಗೆ ತಿಳಿಸಿದನು. ಅವನ ಮಾತನ್ನು ಯಾರೂ ನಂಬಲಿಲ್ಲ.

ಜುಲೈ 10ರ ನಸುಕಿನಲ್ಲಿ ಸಿಪಾಯಿಗಳು ಬಂಡೆದ್ದರು. ಕೋಟೆಯ ಮುಖ್ಯಾಧಿಕಾರಿ ಕರ್ನಲ್ ಫ್ಯಾನ್‌ಕೋರ್ಟ್ ಸೇರಿದಂತೆ ನೂರಕ್ಕೂ ಹೆಚ್ಚು ಬ್ರಿಟಿಷರು ಹತರಾದರು. ಕೋಟೆಯ ಮೇಲೆ ಟಿಪ್ಪುವಿನ ಧ್ವಜ ಏರಿತು. ಆದರೆ ಸುಮಾರು 25 ಕಿಲೋಮೀಟರ್ ದೂರದ ಆರ್ಕಾಟಿನಿಂದ ಕರ್ನಲ್ ಗಿಲ್ಲೆಸ್ಪಿ ಕುದುರೆ ಪಡೆಯೊಂದಿಗೆ ಧಾವಿಸಿ ಬಂದು ಆ ದಿನವೇ ಕೋಟೆಯನ್ನು ಮರಳಿ ವಶಪಡಿಸಿಕೊಂಡನು. ನೂರಾರು ಸಿಪಾಯಿಗಳು ಕೊಲ್ಲಲ್ಪಟ್ಟರು. ನಂತರ ವಿಚಾರಣೆ ನಡೆಸಿ ಕೆಲವರನ್ನು ಗಲ್ಲಿಗೇರಿಸಿದರು, ಕೆಲವರನ್ನು ಫಿರಂಗಿಯ ಬಾಯಿಗೆ ಕಟ್ಟಿ ಹಾರಿಸಿದರು.

ಇಷ್ಟೆಲ್ಲ ಆದ ಮೇಲೆ ಆ ಆದೇಶದ ಗತಿಯೇನಾಯಿತು? ಅದೇ ಜುಲೈ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡರು! ವಿಚಾರಣಾ ಆಯೋಗವು ದಂಗೆಗೆ ಎರಡು ಮುಖ್ಯ ಕಾರಣಗಳನ್ನು ಕೊಟ್ಟಿತು. ಮೊದಲನೆಯದು ಉಡುಪಿನ ಹೊಸ ನಿಯಮಗಳು, ಎರಡನೆಯದು ಟಿಪ್ಪು ಕುಟುಂಬ ಆ ಕೋಟೆಯಲ್ಲಿದ್ದದ್ದು. ಕುಟುಂಬವನ್ನು ಕಲ್ಕತ್ತಾಕ್ಕೆ ಸಾಗಿಸಲಾಯಿತು. ಕ್ರಾಡಾಕ್ ಮತ್ತು ಬೆಂಟಿಂಕ್ ಇಬ್ಬರನ್ನೂ 1807ರಲ್ಲಿ ಇಂಗ್ಲೆಂಡಿಗೆ ಹಿಂದಕ್ಕೆ ಕರೆಸಿಕೊಂಡರು. ಒಂದು ಕಲಮನ್ನು ಹೊರಡಿಸುವ ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ನೂರಾರು ಹೆಣಗಳು ಬಿದ್ದ ಮೇಲೆ ಕೇಳಿದಂತಾಯಿತು.

ಶಿಸ್ತಿನ ರೂಪ ಬದಲಾಗುತ್ತದೆ

ಗಡ್ಡ ಬೋಳಿಸದಿದ್ದರೆ ಶಿಸ್ತು ಕೆಡುತ್ತದೆಯೇ? ಇದಕ್ಕೆ ಬ್ರಿಟಿಷ್ ಸೇನೆಯ ಇತಿಹಾಸವೇ ಉತ್ತರ ಹೇಳುತ್ತದೆ. 1854ರಲ್ಲಿ ಕ್ರಿಮಿಯಾ ಯುದ್ಧದ ಚಳಿಯಲ್ಲಿ ಅದೇ ಸೇನೆ ತನ್ನ ಸೈನಿಕರಿಗೆ ಗಡ್ಡ ಬಿಡಲು ಅವಕಾಶ ಕೊಟ್ಟಿತು. ಮುಂದೆ ಮೇಲ್ದುಟಿಯನ್ನು ಬೋಳಿಸಬಾರದು, ಅಂದರೆ ಮೀಸೆ ಇರಲೇಬೇಕು ಎಂಬ ನಿಯಮ ಬಂತು. ಆ ನಿಯಮ 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ರದ್ದಾಯಿತು. ಬ್ರಿಟಿಷ್ ನೌಕಾಪಡೆಯಂತೂ 1869ರಿಂದಲೇ ಪೂರ್ಣ ಗಡ್ಡಕ್ಕೆ ಅನುಮತಿ ನೀಡಿತ್ತು. ಕೊನೆಗೆ 2024ರ ಮಾರ್ಚ್‌ನಲ್ಲಿ ಬ್ರಿಟಿಷ್ ಭೂಸೇನೆಯೂ ಧರ್ಮಭೇದವಿಲ್ಲದೆ ಎಲ್ಲ ಸೈನಿಕರಿಗೂ ಗಡ್ಡ ಬಿಡಲು ಒಪ್ಪಿತು. ಆದರೆ ಅದು ನೀಟಾಗಿ ಕತ್ತರಿಸಿದ್ದಾಗಿರಬೇಕು, ಕರ್ತವ್ಯಕ್ಕೆ ಅಗತ್ಯವಾದಾಗ ಬೋಳಿಸಲೂ ಸಿದ್ಧರಿರಬೇಕು ಎಂಬ ಷರತ್ತುಗಳಿವೆ.

ಈ ಷರತ್ತು ನ್ಯಾಯವಾದದ್ದೇ. ವಿಷಾನಿಲದಿಂದ ಕಾಪಾಡುವ ಮುಖವಾಡ ಚರ್ಮಕ್ಕೆ ಸರಿಯಾಗಿ ಅಂಟಿಕೊಳ್ಳಲು ದಟ್ಟ ಗಡ್ಡ ಅಡ್ಡಿಯಾಗುತ್ತದೆ. ಸೈನಿಕನ ಪ್ರಾಣ ಉಳಿಸುವ ಇಂತಹ ಕಾರಣ ಬೇರೆ, ಎಲ್ಲರೂ ಒಂದೇ ತೆರನಾಗಿ ಕಾಣಬೇಕೆಂಬ ಕಾರಣ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ದೇಶದಲ್ಲಿ

ಸ್ವತಂತ್ರ ಭಾರತದ ಸೇನೆಯಲ್ಲಿ ಸಿಖ್ ಸೈನಿಕರು ಕೇಶ ಮತ್ತು ಗಡ್ಡದೊಂದಿಗೇ ಸೇವೆ ಸಲ್ಲಿಸುತ್ತ ಬಂದಿದ್ದಾರೆ. ಅವರ ಶೌರ್ಯಕ್ಕೆ ಗಡ್ಡ ಎಂದೂ ಅಡ್ಡಬಂದಿಲ್ಲ. ನೌಕಾಪಡೆಯಲ್ಲಿ ಅನುಮತಿ ಪಡೆದು ಗಡ್ಡ ಬಿಡುವ ಪದ್ಧತಿಯಿದೆ. ವಾಯುಪಡೆಯ 1964ರ ನಿಯಮಾವಳಿಯ 425ನೆಯ ನಿಯಮವು, ಯಾರ ಧರ್ಮವು ಕೂದಲು ಕತ್ತರಿಸುವುದನ್ನು ಅಥವಾ ಮುಖ ಕ್ಷೌರ ಮಾಡುವುದನ್ನು ನಿಷೇಧಿಸುತ್ತದೆಯೋ ಅವರಿಗೆ ವಿನಾಯಿತಿ ಕೊಡುತ್ತದೆ.

ಈ ನಿಯಮದ ಅಡಿಯಲ್ಲಿ ಗಡ್ಡಕ್ಕೆ ಅವಕಾಶ ಕೇಳಿದ ವಾಯುಪಡೆಯ ಇಬ್ಬರು ಮುಸ್ಲಿಂ ಸಿಬ್ಬಂದಿಯ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರ ಡಿಸೆಂಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅವರ ಮನವಿಯನ್ನು ತಳ್ಳಿಹಾಕಿತು. ಇಸ್ಲಾಮಿನಲ್ಲಿ ಕ್ಷೌರಕ್ಕೆ ನಿಷೇಧವಿದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಲಿಲ್ಲ; ಪಡೆಯ ಏಕರೂಪತೆಗೂ ಒಗ್ಗಟ್ಟಿಗೂ ಅದು ಮಹತ್ವ ಕೊಟ್ಟಿತು. ಸಶಸ್ತ್ರ ಪಡೆಗಳಲ್ಲಿ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೆಯ ವಿಧಿ ಸಂಸತ್ತಿಗೆ ನೀಡಿದೆಯೆಂಬುದನ್ನೂ ನೆನಪಿಡಬೇಕು.

ಗಡ್ಡ ಸುನ್ನತ್ ಎಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಅದು ವಾಜಿಬ್ ಹೌದೇ, ಅಲ್ಲವೇ ಎಂಬಲ್ಲಿ ಮಾತ್ರ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಈ ವಿದ್ವತ್ತಿನ ಚರ್ಚೆಯನ್ನು ನ್ಯಾಯಾಲಯದ ಕಟಕಟೆಯಲ್ಲಿ ತೀರ್ಮಾನಿಸಬೇಕಾಗಿ ಬರುವುದೇ ಇಂತಹ ನಿಯಮದ ತೊಡಕು. ಯಾರ ಧರ್ಮ ಏನು ಹೇಳುತ್ತದೆಂದು ಅಳೆಯುವ ಬದಲು, ಅಚ್ಚುಕಟ್ಟಾದ ಗಡ್ಡಕ್ಕೆ ಎಲ್ಲ ಸೈನಿಕರಿಗೂ ಒಂದೇ ಅವಕಾಶ, ಒಂದೇ ಷರತ್ತು ಇಟ್ಟರೆ ಏಕರೂಪತೆಯೂ ಉಳಿಯುತ್ತದೆ, ಮನಸ್ಸೂ ನೋಯುವುದಿಲ್ಲ. ಇದು ನನ್ನ ಅಭಿಪ್ರಾಯ. ನೀವು ಇದನ್ನು ಒಪ್ಪಲೇಬೇಕೆಂದಿಲ್ಲ.

ವಿದ್ಯಾರ್ಥಿ ಮಿತ್ರರಿಗೆ

ವೆಲ್ಲೂರಿನ ಕಥೆಯನ್ನು ಕೇವಲ ಮುಸ್ಲಿಮರ ಕಥೆಯೆಂದು ಹೇಳಬೇಡಿ. ಗಡ್ಡಕ್ಕೆ ಕತ್ತರಿ ಹಾಕಿದ ಕಲಮೇ ನಾಮವನ್ನೂ ಅಳಿಸಹೊರಟಿತ್ತು. ಛಡಿಯೇಟಿನ ಶಿಕ್ಷೆಗೆ ಗುರಿಯಾದವರಲ್ಲಿ ಹಿಂದೂ, ಮುಸ್ಲಿಂ ಇಬ್ಬರೂ ಇದ್ದರು. ಅವರನ್ನು ಒಂದುಗೂಡಿಸಿದ್ದು ಅವರ ನೋವು.

ಇನ್ನೊಂದು ಮಾತು. ವೆಲ್ಲೂರಿನ ಸಿಪಾಯಿಗೆ ಸಂವಿಧಾನ ಇರಲಿಲ್ಲ, ಮೊರೆ ಹೋಗಲು ಉಚ್ಚ ನ್ಯಾಯಾಲಯ ಇರಲಿಲ್ಲ, ತನ್ನ ಪರ ಮಾತಾಡುವ ಜನಪ್ರತಿನಿಧಿ ಇರಲಿಲ್ಲ. ನಿಮಗೆ ಇವೆಲ್ಲ ಇವೆ. ಸೇನೆಗೆ ಸೇರಬಯಸುವವರು ಸೇರುವ ಮೊದಲೇ ನಿಯಮಗಳನ್ನು ಓದಿ ತಿಳಿದುಕೊಳ್ಳಿ. ಒಪ್ಪಿ ಸೇರಿದ ಮೇಲೆ ಶಿಸ್ತನ್ನು ಪಾಲಿಸಿ. ನಿಯಮ ಬದಲಾಗಬೇಕೆನಿಸಿದರೆ ಅರ್ಜಿಯ ಮೂಲಕ, ವಾದದ ಮೂಲಕ, ಕಾನೂನಿನ ಮೂಲಕ ಕೇಳಿ. ಹಾಗೆ ಕೇಳಬೇಕಾದರೆ ಕಾನೂನು ಓದಿದವರು, ಇತಿಹಾಸ ಬಲ್ಲವರು, ನಿಯಮ ಬರೆಯುವ ಮೇಜಿನ ಬಳಿ ಕೂರಬಲ್ಲವರು ನಮ್ಮಲ್ಲಿ ಬೇಕು.

1806ರಲ್ಲಿ ಆ ಹತ್ತನೆಯ ಕಲಮನ್ನು ಬರೆದ ಕೋಣೆಯಲ್ಲಿ ಸಿಪಾಯಿಗಳ ಮನಸ್ಸನ್ನು ಬಲ್ಲವನೊಬ್ಬನಿದ್ದು, ಅವನ ಮಾತಿಗೆ ಬೆಲೆ ಸಿಕ್ಕಿದ್ದರೆ ಅಷ್ಟೊಂದು ಜೀವಗಳು ಉಳಿಯುತ್ತಿದ್ದವೋ ಏನೋ. ಮುಂದಿನ ಸಲ ವೆಲ್ಲೂರಿಗೆ ಹೋದಾಗ ಆ ಕೋಟೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಇದನ್ನು ನೆನೆಯಿರಿ.