ಪೇಜ್‌ಮೇಕರ್‌ನಿಂದ ಇನ್‌ಡಿಸೈನ್‌ಗೆ: ಅರ್ಕಾವೊತ್ತು ಜೋಪಾನ!

ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ಆಡುವುದು ಕನ್ನಡ, ಅಚ್ಚು ಹಾಕಿಸುವುದು ಹೆಚ್ಚಾಗಿ ತಮಿಳು. ಎರಡೂ ಭಾಷೆಯ ಹಳೇ ಡಿಟಿಪಿ ಫೈಲುಗಳಿಗೆ ಈಗ ಒಂದೇ ಕಾಯಿಲೆ. ವಂಶಾವಳಿಯನ್ನೋ ಗುಡಿಯ ಸ್ಮರಣ ಸಂಚಿಕೆಯನ್ನೋ ಮರುಮುದ್ರಿಸೋಣವೆಂದು ಹಳೇ ಸಿಡಿ ಹುಡುಕಿ ತಂದರೆ ಹೊಸ ಕಂಪ್ಯೂಟರ್ ಅದನ್ನು ತೆರೆಯುವುದೇ ಇಲ್ಲ.

ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಆಲ್ಡಸ್ ಕಂಪನಿಯಲ್ಲಿ. 1994ರಲ್ಲಿ ಅಡೋಬಿ ಪಾಲಾಯಿತು. 2001ರ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್, 2012ರ ಸಿಎಸ್6 ತನಕ ಪೇಜ್‌ಮೇಕರ್ 6.0 ಮತ್ತು ಅದರ ನಂತರದ ಫೈಲುಗಳನ್ನು ನೇರವಾಗಿ ತೆರೆಯುತ್ತಿತ್ತು. 2013ರ ಸಿಸಿಯಿಂದ ಆ ಸೌಲಭ್ಯ ಹೋಯಿತು. ಆದ್ದರಿಂದ ಸಿಎಸ್6 ಇನ್ನೂ ಇಟ್ಟುಕೊಂಡಿರುವ ಪ್ರೆಸ್ಸನ್ನು ಮೊದಲು ಹುಡುಕಿ. ಫೈಲನ್ನು ಸಿಡಿಯಿಂದ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಹಳೇ ಫಾಂಟುಗಳನ್ನು ಹಾಕಿಯೇ ತೆರೆಯಿರಿ. ಅಲ್ಲಿಂದ ಐಡಿಎಂಎಲ್ ರೂಪದಲ್ಲಿ ಉಳಿಸಿದರೆ ಹೊಸ ಇನ್‌ಡಿಸೈನ್ ಓದುತ್ತದೆ.

ಪುಟ ಬಂತು, ಸರಿ. ಅಕ್ಷರ? ನಿಜವಾದ ತಲೆನೋವು ಇಲ್ಲಿದೆ. ನುಡಿಯಂಥ ಹಳೇ ಫಾಂಟುಗಳು ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು ಇಂಗ್ಲಿಷ್ ಸಂಕೇತಗಳಲ್ಲಿ ಕೂಡಿಸಿಡುತ್ತವೆ. ‘ಧರ್ಮ’ ಎಂಬ ಪದ ನುಡಿಯಲ್ಲಿ ಏಳು ಚೂರು. ಅದರಲ್ಲಿ ‘ಮ’ ಒಂದಕ್ಕೇ ಮೂರು, ಅರ್ಕಾವೊತ್ತು ಕಟ್ಟಕಡೆಗೆ. ಯೂನಿಕೋಡ್‌ನಲ್ಲಿ ನಾಲ್ಕೇ ಸಂಕೇತ, ‘ರ’ ಬರುವುದು ‘ಮ’ಕ್ಕೆ ಮೊದಲು. ಪರಿವರ್ತಕ ತಂತ್ರಾಂಶ ಈ ಅದಲುಬದಲು ಮಾಡದಿದ್ದರೆ ಮನೆತನದ ಹೆಸರುಗಳೇ ಕೆಡುತ್ತವೆ. ತಮಿಳಿನಲ್ಲೂ ಇದೇ ಕಥೆ: ಅಕ್ಷರದ ಎಡಕ್ಕೆ ಕಾಣುವ ಕೊಂಬನ್ನು ಹಳೇ ಫಾಂಟು ಮೊದಲೇ ಇಡುತ್ತದೆ, ಯೂನಿಕೋಡ್ ವ್ಯಂಜನದ ನಂತರ ಇಡುತ್ತದೆ.

ಸಾದಾ ಪಠ್ಯವಾಗಿ ಪರಿವರ್ತಿಸಿದರೆ ದಪ್ಪಕ್ಷರ, ಓರೆಯಕ್ಷರ ಎಲ್ಲ ಮಾಯ. ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಚೂರುಗಳೆಂದೇ ಎಣಿಕೆಯಾಗಿ ಗೋಜಲಾಗುತ್ತವೆ. ಅವನ್ನು ಮೊದಲೇ ಗುರುತು ಹಾಕಿ ಬೇರೆ ತೆಗೆದಿಡಿ. ಯೂನಿಕೋಡ್ ಪಠ್ಯವನ್ನು ಇನ್‌ಡಿಸೈನ್‌ಗೆ ತಂದ ಮೇಲೆ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಕೂಡುವುದಿಲ್ಲ. ಸಾಲಿನ ಅಳತೆ ಬದಲಾಗುವುದರಿಂದ ಪುಟಗಳೂ ಜರುಗುತ್ತವೆ, ಪರಿವಿಡಿಯ ಪುಟಸಂಖ್ಯೆಯನ್ನು ಮತ್ತೆ ತಾಳೆ ನೋಡಿ.

ಇಷ್ಟಕ್ಕೆಲ್ಲ ಕೈಹಾಕುವ ಮುಂಚೆ ಹಳೇ ಪುಟಗಳ ಪಿಡಿಎಫ್ ಒಂದನ್ನು ತೆಗೆದಿಡಿ. ಅದೂ ಆಗದಿದ್ದರೆ ಅಚ್ಚಾದ ಪ್ರತಿಯನ್ನೇ ಪಕ್ಕದಲ್ಲಿಟ್ಟುಕೊಂಡು, ಆ ಹೆಸರುಗಳನ್ನು ಬಲ್ಲ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿ, ಒಂದೊಂದಾಗಿ ಓದಿ ಹೇಳಿ ಕರಡು ತಿದ್ದಿರಿ.