ಕಡಲ ಪದ, ಮಲೆಯ ಸುಗ್ಗಿ: ಸ್ಕಾಟ್‌ಲೆಂಡ್ ಮತ್ತು ಯಸಳೂರು ಸೀಮೆಯ ಹಾಡುಗಳ ಒಂದು ತೌಲನಿಕ ಅಧ್ಯಯನ

ಪೀಠಿಕೆ

ಹಿನ್ನೆಲೆಯಲ್ಲಿ ಅಲೆಗಳ ಮೊರೆತ, ಬಿಡದೆ ಹಿಡಿದ ಒಂದೇ ಶ್ರುತಿ, ದೂರದಿಂದ ತೇಲಿಬಂದಂತೆ ಕೇಳುವ ಹೆಣ್ಣುದನಿ. ಸ್ಕಾಟ್‌ಲೆಂಡಿನ ಕಡಲ ಕಥೆಗಳನ್ನು ನೆಚ್ಚಿ ಹುಟ್ಟಿರುವ ಇಂದಿನ ಜಾನಪದ ಸಂಗೀತವನ್ನು ಈ ಮೂರು ಲಕ್ಷಣಗಳಿಂದಲೇ ಗುರುತಿಸಬಹುದು. ಕೇಳುಗರು ಇದನ್ನು ಆ ನಾಡಿನ ಹವೆಯಿಂದಲೇ ಮೂಡಿಬಂದ ಗುಣವೆಂದು ಭಾವಿಸುತ್ತಾರೆ. ಆದರೆ ಹಾಡು ಬಾಯಿಂದ ಪುಸ್ತಕಕ್ಕೆ, ಪುಸ್ತಕದಿಂದ ವೇದಿಕೆಗೆ ಹೋದ ದಾರಿಯನ್ನು ಹಿಂಬಾಲಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. ಕೆಲಸಕ್ಕೂ ಕಟ್ಟುಪಾಡಿಗೂ ಅಂಟಿಕೊಂಡಿದ್ದ ಹಾಡನ್ನು ಅವುಗಳಿಂದ ಬಿಡಿಸಿದ ಮೇಲೆ, ಆ ಖಾಲಿ ಜಾಗವನ್ನು ತುಂಬಲು ಮಂಜು ಮತ್ತು ವಿಷಾದ ಬೇಕಾದವು ಎಂಬುದು ಈ ಲೇಖನದ ವಾದ. ಸಕಲೇಶಪುರ ತಾಲ್ಲೂಕಿನ ಯಸಳೂರು ಸೀಮೆಯ ಸುಗ್ಗಿ ಮತ್ತು ನಾಟಿಯ ಹಾಡುಗಳನ್ನು ಎದುರಿಗಿಟ್ಟು ಇದನ್ನು ಪರಿಶೀಲಿಸಲಾಗಿದೆ. ಈ ಹೋಲಿಕೆಗೆ ಚಾರಿತ್ರಿಕ ಆಧಾರವೂ ಇದೆ. ಹಾಡು ಸಂಗ್ರಹಿಸುವ ಗೀಳು ಹತ್ತಿದ್ದ ಸ್ಕಾಟ್‌ಲೆಂಡಿನ ಜನರೇ ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೂ ಈ ಬೆಟ್ಟಗಳಿಗೂ ಬಂದವರು.

ಹಾಡು ಪುಸ್ತಕವಾದ ಬಗೆ

ಸ್ಕಾಟ್‌ಲೆಂಡಿನ ಪಶ್ಚಿಮ ಮತ್ತು ಉತ್ತರದ ದ್ವೀಪಗಳಲ್ಲಿ ಕಡಲನ್ನು ಕುರಿತ ಕಥೆಗಳಿಗೆ ಬರವಿಲ್ಲ. ಸೀಲ್‌ನ ಚರ್ಮ ಕಳಚಿ ಮನುಷ್ಯರಾಗುವ ಸೆಲ್ಕಿಗಳು, ಲೂಯಿಸ್ ದ್ವೀಪದ ಬಳಿಯ ಮಿಂಚ್ ಜಲಸಂಧಿಯಲ್ಲಿ ಹಡಗುಗಳನ್ನು ತಡೆಯುವ ನೀಲಿ ಮನುಷ್ಯರು, ಸುಳಿಯಲ್ಲಿ ವಾಸಿಸುವ ಮತ್ಸ್ಯಕನ್ಯೆ ಮೊದಲಾದವರು ಅಲ್ಲಿನ ಜನರ ಮಾತಿನಲ್ಲಿ ಬದುಕಿದ್ದರು. ಹಾಡುಗಳದು ಮುಖ್ಯವಾಗಿ ದುಡಿಮೆಯ ಲೋಕ. ದೋಣಿಯ ಹುಟ್ಟು ಹಾಕುವವರಿಗೆ ಒಂದು ಬಗೆ, ಹಾಲು ಕರೆಯುವವರಿಗೆ ಇನ್ನೊಂದು ಬಗೆ. ನೆಯ್ದ ಉಣ್ಣೆಬಟ್ಟೆಯನ್ನು ಒದ್ದೆ ಮಾಡಿ ಹಲಗೆಗೆ ಬಡಿದು ಬಿಗಿಗೊಳಿಸುವಾಗ ಹೆಂಗಸರು ಸುತ್ತ ಕುಳಿತು ಹಾಡುತ್ತಿದ್ದರು. ಒಬ್ಬಳು ನುಡಿ ಎತ್ತಿದರೆ ಉಳಿದವರು ಅರ್ಥವಿಲ್ಲದ ನಾದದ ಪಲ್ಲವಿಯನ್ನು ಹಿಡಿಯುತ್ತಿದ್ದರು. ಬಟ್ಟೆಗೆ ಇನ್ನೆಷ್ಟು ಬಡಿತ ಬೇಕು ಎಂಬುದನ್ನು ಹಾಡುಗಳಲ್ಲೇ ಲೆಕ್ಕ ಹಾಕುವುದಿತ್ತು. ಇಲ್ಲಿ ಲಯವನ್ನು ನಿರ್ಧರಿಸಿದ್ದು ಕೈಯ ಬಡಿತ.

ಈ ಲೋಕವನ್ನು ಓದುಗರ ಕಲ್ಪನೆಗೆ ತಕ್ಕಂತೆ ಮಾರ್ಪಡಿಸುವ ಕೆಲಸ 1760ರಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್ ಪ್ರಕಟಿಸಿದ ಪ್ರಾಚೀನ ಕಾವ್ಯದ ತುಣುಕುಗಳಿಂದ ಆರಂಭವಾಯಿತು. ಅವುಗಳ ಪ್ರಾಮಾಣಿಕತೆಯ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ವಾಲ್ಟರ್ ಸ್ಕಾಟ್ ಗಡಿಸೀಮೆಯ ಲಾವಣಿಗಳನ್ನು ಕೂಡಿಸಿದ ಸಂಕಲನದ ಮೊದಲ ಎರಡು ಸಂಪುಟಗಳು 1802ರಲ್ಲಿ ಕೆಲ್ಸೊ ಪಟ್ಟಣದಲ್ಲಿ ಅಚ್ಚಾದವು. ಮೂರನೆಯದು 1803ರಲ್ಲಿ ಬಂತು. ಸ್ಕಾಟ್‌ಗೆ ನೆರವಾದ ಜಾನ್ ಲೇಡನ್ ಅದೇ ಸಂಕಲನಕ್ಕೆ ಮತ್ಸ್ಯಕನ್ಯೆಯ ಕಥೆಯೊಂದನ್ನು ಬರೆದುಕೊಟ್ಟ. ಜನರ ಬಾಯಲ್ಲಿದ್ದ ಐತಿಹ್ಯವೇ ಅದರ ಬೀಜವಾದರೂ ರಚನೆ ಲೇಡನ್‌ನದೇ. ಸಂಗ್ರಹಿಸಿದ ಹಾಡಿನ ಪಕ್ಕದಲ್ಲೇ ಸಂಗ್ರಹಕಾರ ಬರೆದ ಹಾಡೂ ಕುಳಿತದ್ದು ಈ ಪರಂಪರೆಯ ಮುಖ್ಯ ತಿರುವು. ನೂರು ವರ್ಷಗಳ ಬಳಿಕ ಮಾರ್ಜರಿ ಕೆನಡಿ-ಫ್ರೇಸರ್ ದ್ವೀಪಗಳಲ್ಲಿ ಕೇಳಿದ ಹಾಡುಗಳಿಗೆ ಪಿಯಾನೊ ಪಕ್ಕವಾದ್ಯ ಹೊಂದಿಸಿ 1909ರಿಂದ ಸಂಪುಟಗಳಾಗಿ ಹೊರತಂದಳು. ಹಲಗೆಯ ಬಡಿತ ಹೋಯಿತು. ಅದರ ಜಾಗಕ್ಕೆ ಸಭಾಂಗಣದ ಮೃದು ಸ್ವರಸಂಗತಿ ಬಂತು. ಇಂದಿನ ಮಂಜು ಕವಿದ ಧ್ವನಿಲೋಕ ಇದರ ನೇರ ವಾರಸುದಾರ.

ಮೈಸೂರಿಗೂ ಬಲಂ ಸೀಮೆಗೂ ಬಂದ ಸ್ಕಾಟರು

ಕೆಲ್ಸೊದಲ್ಲಿ ಲಾವಣಿಗಳು ಅಚ್ಚಾದ 1802ನೇ ಇಸವಿಗೆ ಸಕಲೇಶಪುರದ ಚರಿತ್ರೆಯಲ್ಲಿ ಬೇರೆ ಅರ್ಥವಿದೆ. ಆ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಬಲಂ ಪಾಳೆಯಗಾರನ ಕಾಡುಕೋಟೆಯನ್ನು ಹಿಡಿಯಿತು. ಫೆಬ್ರವರಿಯಲ್ಲಿ ಪಾಳೆಯಗಾರನನ್ನು ಗಲ್ಲಿಗೇರಿಸಲಾಯಿತು. ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯ ಸುತ್ತಲಿನ ಈ ಬಲಂ ನಾಡು ಹೀಗೆ ಹೊಸ ಆಡಳಿತಕ್ಕೆ ಒಳಪಟ್ಟಿತು.

ಅದೇ ವರ್ಷಗಳಲ್ಲಿ ಮೈಸೂರಿನ ಮೋಜಣಿ ನಡೆಸುತ್ತಿದ್ದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟೋರ್ನೊವೆಯಲ್ಲಿ, ನೀಲಿ ಮನುಷ್ಯರ ಕಡಲ ದಂಡೆಯಲ್ಲಿ. ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರ ಮೂಲಕ ಅವನು ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿದ. ಅರಸರ ವಂಶಾವಳಿ, ಗುಡಿಯ ಹುಟ್ಟು, ಕೆರೆಯ ಕಥೆ ಎಲ್ಲವೂ ಅವುಗಳಲ್ಲಿ ಸೇರಿದವು. ಮತ್ಸ್ಯಕನ್ಯೆಯ ಕವಿ ಲೇಡನ್ ಕೂಡ 1803ರಲ್ಲಿ ಮದರಾಸಿಗೆ ಬಂದಿಳಿದು, ಮೆಕೆಂಜಿಯ ಮೋಜಣಿ ತಂಡಕ್ಕೆ ವೈದ್ಯನೂ ನಿಸರ್ಗ ವಿಜ್ಞಾನಿಯೂ ಆಗಿ ನೇಮಕಗೊಂಡ. ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಉಳಿದ. 1805ರಲ್ಲಿ ಮಲಬಾರಿನತ್ತ ಇಳಿದು ಪೂರ್ವದ ದ್ವೀಪಗಳಿಗೆ ಹಡಗು ಹತ್ತಿದ. 1811ರಲ್ಲಿ ಜಾವಾದಲ್ಲಿ ತೀರಿಕೊಂಡ.

ಮೂರನೆಯವನು ರಾಬರ್ಟ್ ಎಲಿಯಟ್. ಕೆಲ್ಸೊ ಪಕ್ಕದ ಕ್ಲಿಫ್ಟನ್ ಪಾರ್ಕ್‌ನ ಈ ಜಮೀನುದಾರ 1850ರ ದಶಕದ ನಡುವೆ ಮಂಜರಾಬಾದಿಗೆ ಬಂದು ಕಾಫಿ ತೋಟ ಮಾಡಿದ. 1871ರಲ್ಲಿ ಮೈಸೂರಿನ ಕಾಡುಗಳಲ್ಲಿ ತೋಟಗಾರನಾಗಿ ಕಂಡ ಅನುಭವಗಳನ್ನೂ, 1894ರಲ್ಲಿ ಇನ್ನೊಂದು ಗ್ರಂಥವನ್ನೂ ಪ್ರಕಟಿಸಿದ. ಎರಡನೆಯದರ ಶೀರ್ಷಿಕೆಯಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ಲಾವಣಿಗಳ ತವರಿನಿಂದ ಬಂದವನ ಈ ಪಟ್ಟಿಯಲ್ಲಿ ಹಾಡಿಗೆ ಜಾಗವಿಲ್ಲ. ತನ್ನ ನಾಡಿನ ರೈತನ ಹಾಡು ಅಳಿಯುತ್ತಿರುವ ನಿಧಿಯಾಗಿ ಕಂಡರೆ, ತೋಟದಲ್ಲಿ ದುಡಿಯುವವನು ಮೊದಲು ಆಳಾಗಿ ಕಾಣುತ್ತಿದ್ದ.

ಯಸಳೂರು ಸೀಮೆಯ ಹಾಡು

ಯಸಳೂರು ಸೀಮೆಗೂ ಕಡಲಿಗೂ ಇರುವ ನಂಟು ನೀರಿನಿಂದಲೇ ಶುರುವಾಗುತ್ತದೆ. ಬಿಸಿಲೆಯ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಬ್ರಿಟಿಷರ ಕಾಲದ ಗುರುತು ಕಲ್ಲೊಂದಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಯದು ಕುಮಾರಧಾರೆ, ನೇತ್ರಾವತಿಗಳ ದಾರಿ ಹಿಡಿದು ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಕಡಲ ಕಡೆಯಿಂದ ಏರಿಬರುವ ಮುಂಗಾರು ಇಲ್ಲಿನ ವರ್ಷವನ್ನು ಎರಡಾಗಿ ಸೀಳುತ್ತದೆ. ಹಾಡೂ ಹಾಗೆಯೇ: ಮಳೆಗಾಲಕ್ಕೆ ನಾಟಿಯ ಪದ, ಬೇಸಿಗೆಗೆ ಸುಗ್ಗಿ.

ಕಂಬಳಿ ಕೊಪ್ಪೆ, ಗೊರಬು ಹೊದ್ದು ಕೆಸರುಗದ್ದೆಯಲ್ಲಿ ಸಾಲಾಗಿ ಬಾಗಿದ ಹೆಂಗಸರಲ್ಲಿ ಒಬ್ಬಳು ಪದ ಎತ್ತುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಸಾಲು ಹಿಂದೆ ಸರಿದಂತೆ ಪದ ಮುಂದೆ ಸಾಗುತ್ತದೆ. ಸಾಲು ಓರೆಯಾಗದಂತೆ ಎಲ್ಲರ ಕೈಯನ್ನೂ ಒಂದೇ ವೇಗದಲ್ಲಿ ನಡೆಸುವುದು ಅದರ ಕೆಲಸ. ಮಂಜು ಸುತ್ತಲೂ ಇದೆ, ಆದರೆ ಪದದ ಅಳತೆ ಮಂಜಿನಿಂದ ಬಂದದ್ದಲ್ಲ. ಉಣ್ಣೆಬಟ್ಟೆಯ ಹಲಗೆಗೂ ಈ ಗದ್ದೆಗೂ ಇರುವ ಸಾಮ್ಯ ಇದೇ.

ಸುಗ್ಗಿಯ ಸ್ವರೂಪ ಬೇರೆ. ಯುಗಾದಿಯ ಆಸುಪಾಸಿನಲ್ಲಿ ಊರದೇವತೆಯ ಹೆಸರಲ್ಲಿ ನಡೆಯುವ ಈ ಹಬ್ಬಕ್ಕೆ ಮುಂಚೆ ಸಾರು ಹಾಕುತ್ತಾರೆ, ಎಂದರೆ ಹಬ್ಬವನ್ನು ಊರಿಗೆ ಸಾರುತ್ತಾರೆ. ಆ ಬಳಿಕ ಹಸಿ ಮರ ಕಡಿಯಬಾರದು ಎಂಬಂಥ ಕಟ್ಟುಪಾಡುಗಳು ಜಾರಿಗೆ ಬರುತ್ತವೆ. ವಿವರಗಳು ಊರಿಂದೂರಿಗೆ ಬದಲಾಗುತ್ತವೆ. ವಾಲಗದ ಗತಿಗೆ ಗಂಡಸರು ಸುತ್ತುಗಟ್ಟಿ ಕುಣಿಯುತ್ತಾರೆ. ಇಲ್ಲಿ ಸಂಗೀತ ದೇವರ ಸನ್ನಿಧಿಗೂ ಊರಿನ ಮರ್ಯಾದೆಗೂ ಸಲ್ಲುವ ಕಾಣಿಕೆ. ಅದಕ್ಕೆ ದಿನ, ಜಾಗ, ಸರದಿ ಮೂರೂ ನಿಗದಿಯಾಗಿವೆ.

ಕಡಲ ಕಥೆಯೂ ಈ ಬೆಟ್ಟಗಳಿಗೆ ಹತ್ತಿರವೇ. ಕಾಫಿ ತೋಟಗಳ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಬಂದ ತುಳು ಆಳುಗಳ ಜೊತೆ ಪಂಜುರ್ಲಿ, ಗುಳಿಗ ದೈವಗಳೂ ಮೇಲೆ ಬಂದವು. ಅವರ ಹೆಂಗಸರು ನಾಟಿಗದ್ದೆಯಲ್ಲಿ ಹಾಡುವುದು ದೈವಗಳ ಕಥೆ ಹೇಳುವ ಪಾಡ್ದನವನ್ನು. ಮೊಗವೀರರು ನಂಬುವ ಬೊಬ್ಬರ್ಯನದು ಆ ಪರಂಪರೆಯ ಕಡಲ ಕಥೆ. ಮುಸ್ಲಿಂ ವ್ಯಾಪಾರಿ ತಂದೆ, ಜೈನ ತಾಯಿಯ ಮಗನಾದ ಅವನು ಸತ್ತ ಮೇಲೆ ದೈವವಾಗಿ ಮೀನುಗಾರರ ಬೆನ್ನಿಗೆ ನಿಂತ. ಸೆಲ್ಕಿ ಮನುಷ್ಯಲೋಕವನ್ನು ತೊರೆದು ನೀರಿಗೆ ಮರಳುತ್ತದೆ. ಬೊಬ್ಬರ್ಯ ದಂಡೆಯ ಗುಡಿಯಲ್ಲಿ ನೆಲೆಯೂರಿ ಕೋಲ ಕೇಳುತ್ತಾನೆ, ನ್ಯಾಯ ಹೇಳುತ್ತಾನೆ. ಒಂದು ಅಗಲಿಕೆಯ ಕಥೆ, ಇನ್ನೊಂದು ಹೊಣೆಯ ಕಥೆ. ವಿಷಾದದ ಸಂಗೀತಕ್ಕೆ ಮೊದಲನೆಯದು ಒಗ್ಗಿದಷ್ಟು ಸುಲಭವಾಗಿ ಎರಡನೆಯದು ಒಗ್ಗದು.

ನಮ್ಮ ಸಂಗ್ರಹಗಳು

ಕರಾವಳಿಯ ಪಾಡ್ದನಗಳು ಬೇಗ ಅಚ್ಚು ಕಂಡವು. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅವನ್ನು ಪ್ರಕಟಿಸಿದ. ಬ್ರಿಟಿಷ್ ಅಧಿಕಾರಿ ಬರ್ನೆಲ್ ಕೂಡಿಟ್ಟ ಸಾಮಗ್ರಿ 1890ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಬೆಳಕಿಗೆ ಬಂತು. ಕನ್ನಡದಲ್ಲಿ ಹಲಸಂಗಿ ಗೆಳೆಯರ 'ಗರತಿಯ ಹಾಡು' 1931ರದು. ಹಾಸನ ಜಿಲ್ಲೆಯ ಮಟ್ಟಿಗೆ, ಅದೇ ಹೇಮಾವತಿಯ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಹಾಡುಗಳು' 1938ರಲ್ಲಿ ಬಂತು. ಇವರೆಲ್ಲ ಸಾಹಿತ್ಯದ ಕಣ್ಣಿನಿಂದ ಹಾಡನ್ನು ನೋಡಿದವರು. ಪಠ್ಯ ಉಳಿಯಿತು, ಗತಿ ಉಳಿಯಲಿಲ್ಲ. ಧ್ವನಿಮುದ್ರಣ ಬಂದ ಮೇಲೆ ದನಿ ಉಳಿಯಿತು. ಆದರೆ ಹಾಡುವವಳನ್ನು ಗದ್ದೆಯಿಂದ ಎಬ್ಬಿಸಿ ಮೈಕಿನ ಮುಂದೆ ಕೂರಿಸಿದಾಗ ಕೆಲಸದ ಉಸಿರು, ನಡುವಿನ ಮಾತು, ತಪ್ಪಿದ ಸಾಲು ಎಲ್ಲವೂ ಕತ್ತರಿಸಿಹೋದವು.

ಸಮಾರೋಪ

ಕೆನಡಿ-ಫ್ರೇಸರಳ ಪಿಯಾನೊ ಮಾಡಿದ ಕೆಲಸವನ್ನು ಇಂದು ಮಲೆನಾಡಿನ ಹಾಡುಗಳಿಗೆ ಕೊಳಲು ಮತ್ತು ಪ್ರತಿಧ್ವನಿಯ ಯಂತ್ರ ಮಾಡುತ್ತಿವೆ. ಹೊಸ ಸಂಗೀತವಾಗಿ ಅದು ಚೆನ್ನಾಗಿರಬಹುದು. ಅದನ್ನು ತಡೆಯುವ ಅಗತ್ಯವಿಲ್ಲ. ಆದರೆ ಅದನ್ನೇ ಮಲೆನಾಡಿನ ಹಾಡಿನ ದಾಖಲೆ ಎಂದು ಒಪ್ಪುವಂತಿಲ್ಲ. ಯಸಳೂರಿನ ಹಾಡು ಬರೆದುಕೊಳ್ಳುವವರು ಪಠ್ಯದ ಜೊತೆ ಕನಿಷ್ಠ ನಾಲ್ಕು ಸಂಗತಿಗಳನ್ನು ಗುರುತಿಸಬೇಕು: ಯಾವ ಕೆಲಸಕ್ಕೆ ಅಥವಾ ಯಾವ ಹಬ್ಬದ ಯಾವ ದಿನಕ್ಕೆ ಸೇರಿದ್ದು, ಪದ ಎತ್ತುವವರು ಯಾರು, ಸೊಲ್ಲು ಹಿಡಿಯುವ ಹಕ್ಕು ಯಾರದು, ಎಲ್ಲಿ ಹಾಡಬಾರದು. ಭತ್ತದ ಗದ್ದೆ ಕಡಿಮೆಯಾಗಿ ಕಾಫಿ, ಶುಂಠಿ ಬಂದಿರುವ ಹಳ್ಳಿಗಳಲ್ಲಿ ನಾಟಿಯ ಪದದ ಕುರಿತು ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ಈಗ ಹಿರಿಯ ಹೆಂಗಸರು ಮಾತ್ರ. ಆದ್ದರಿಂದ ಸಂಗ್ರಹದ ಕೆಲಸ ಸುಗ್ಗಿಗಿಂತ ಮೊದಲು ಗದ್ದೆಯ ಹಾಡಿನಿಂದ ಆರಂಭವಾಗಬೇಕು.