ಜಾಗ ಬದಲಾದರೆ ಅಳಿಸಿದಂತಲ್ಲ

ನನ್ನ ತವರೂರು ಮಸಗುಪ್ಪಿ. ಅದು ಇದ್ದಲ್ಲಿಂದ ಒಂದು ಮೊಳವೂ ಆಚೀಚೆ ಸರಿದಿಲ್ಲ. ಆದರೆ ಅದರ ವಿಳಾಸ ಮಾತ್ರ ನಾಲ್ಕು ಸಲ ಬದಲಾಗಿದೆ. ಮುಂಬಯಿ ರಾಜ್ಯದಲ್ಲಿದ್ದ ಊರು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ಆ ರಾಜ್ಯವೇ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಬಂದಿತು. ಕೊನೆಗೆ 2018ರಲ್ಲಿ ಗೋಕಾಕ ತಾಲೂಕನ್ನು ಒಡೆದು ಮೂಡಲಗಿ ತಾಲೂಕು ಮಾಡಿದಾಗ ಮಸಗುಪ್ಪಿ ಆ ಪಾಲಿಗೆ ಹೋಯಿತು. ಊರಿನ ಹೊಲ, ಬಾವಿ, ಗುಡಿ, ಕಟ್ಟೆಯ ಮೇಲಿನ ಜಗಳ ಯಾವುದೂ ಬದಲಾಗಲಿಲ್ಲ. ಬದಲಾದದ್ದು ಅದನ್ನು ಹುಡುಕಿಕೊಂಡು ಬರುವ ದಾರಿ, ಅಷ್ಟೇ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ನನಗೆ ಮನದಟ್ಟಾದದ್ದು ಕಂಪ್ಯೂಟರಿನ ಮುಂದೆ. ಗೋಕಾಕದ ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಲೆಕ್ಕಪತ್ರ ಕೆಲವು ವರ್ಷ ನನ್ನ ಕೈಯಲ್ಲಿತ್ತು. ಮನೆಯಲ್ಲಿದ್ದ ಹಳೆಯ ಕಂಪ್ಯೂಟರು ವಿಂಡೋಸಿನ ಭಾರ ಹೊರಲಾರದೆ ಏದುಸಿರು ಬಿಡತೊಡಗಿದಾಗ, ಕಾಲೇಜು ಓದುತ್ತಿದ್ದ ಮಗಳು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಳು. ಆಮೇಲೆ ಒಂದು ಕಪ್ಪು ಪರದೆ ತೆರೆದು, "ಅವ್ವಾ, ಇಲ್ಲಿ ಮೌಸ್ ಹಿಡಿಯೂದ ಬ್ಯಾಡ. ಏನ ಬೇಕಂತ ಬರದ ಹೇಳು, ಮಾಡತೈತಿ" ಎಂದಳು. ಅಡಿಗೆಮನೆಯಲ್ಲಿ ಕೈ ತೋರಿಸದೆ ಬಾಯಲ್ಲೇ ಹೇಳಿ ಕೆಲಸ ಮಾಡಿಸುವ ಅತ್ತೆಯ ಪದ್ಧತಿ ಇದು ಎಂದುಕೊಂಡು ಕುಳಿತೆ.

ಅಪ್ಪಣೆಗಳೆಲ್ಲ ಗಿಡ್ಡ ಗಿಡ್ಡ. ಇಂಗ್ಲಿಷಿನ ಎಲ್, ಎಸ್ ಎಂಬ ಎರಡು ಅಕ್ಷರ ಒತ್ತಿದರೆ ಇಲ್ಲಿ ಏನೇನಿದೆ ಎಂಬ ಪಟ್ಟಿ. ಸಿ, ಡಿ ಒತ್ತಿ ಹೆಸರು ಹೇಳಿದರೆ ಆ ಕೋಣೆಗೆ ಪ್ರವೇಶ. ಏನೂ ಹೆಸರು ಹೇಳದೆ ಬರೀ ಸಿಡಿ ಎಂದರೆ ಎಲ್ಲಿದ್ದರೂ ಸೀದಾ ಮನೆಗೆ! ಪಿಡಬ್ಲ್ಯುಡಿ ಎಂದರೆ ನಮಗೆಲ್ಲ ರಸ್ತೆ ಮಾಡಿಸುವ ಇಲಾಖೆ. ಇಲ್ಲಿ ಅದು 'ನಾನೀಗ ಎಲ್ಲಿದ್ದೇನೆ' ಎಂಬ ಪ್ರಶ್ನೆ. ಎಂಕೆಡಿಐಆರ್ ಎಂದರೆ ಹೊಸ ಡೈರೆಕ್ಟರಿ, ಅಂದರೆ ಹೊಸದೊಂದು ಕಪಾಟು. ಸಿಪಿ ಎಂದರೆ ನಕಲು, ಎಂವಿ ಎಂದರೆ ಸಾಗಿಸುವುದು, ಆರ್‌ಎಂ ಎಂದರೆ ತೆಗೆದುಹಾಕುವುದು. ಎಲ್ಲ ಕಪಾಟುಗಳೂ ಒಂದೇ ಬೇರಿನಿಂದ ಟಿಸಿಲೊಡೆದ ಮರದಂತೆ. ಲಕೋಟೆಯ ಮೇಲೆ ನಾವು ಮನೆಯಿಂದ ಹೊರಟು ಜಿಲ್ಲೆಗೆ ಮುಟ್ಟುತ್ತೇವೆ. ಲಿನಕ್ಸ್ ಬೇರಿನಿಂದ ಹೊರಟು ಎಲೆಗೆ ಬರುತ್ತದೆ: /ಕರ್ನಾಟಕ/ಬೆಳಗಾವಿ/ಮೂಡಲಗಿ/ಮಸಗುಪ್ಪಿ ಎಂದ ಹಾಗೆ.

ಈ ಅಪ್ಪಣೆಗಳಿಗೆ ಯಾಕಿಷ್ಟು ಅಕ್ಷರದ ಬಡತನ ಎಂದು ಕೇಳಿದರೆ ಚರಿತ್ರೆಗೆ ಹೋಗಬೇಕು. ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಲ್ಯಾಬ್ಸ್ ಎಂಬ ಟೆಲಿಫೋನ್ ಕಂಪನಿಯ ಸಂಶೋಧನಾಲಯವಿತ್ತು. ಅದು ಬೇರೆ ಎರಡು ಸಂಸ್ಥೆಗಳೊಡನೆ ಕೂಡಿ ಮಲ್ಟಿಕ್ಸ್ ಎಂಬ ಭಾರೀ ವ್ಯವಸ್ಥೆ ಕಟ್ಟಲು ಹೊರಟು, 1969ರಲ್ಲಿ ಸಾಕಪ್ಪ ಎಂದು ಕೈಬಿಟ್ಟಿತು. ಕಪಾಟಿನೊಳಗೊಂದು ಕಪಾಟು ಎಂಬ ಮರದ ಕಲ್ಪನೆ ಆ ಮಲ್ಟಿಕ್ಸಿನದು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ, ರಡ್ ಕೆನಡೆ ಎಂಬ ಮೂವರು ಅದನ್ನೇ ಸರಳ ಮಾಡಿ ಕರಿಹಲಗೆಯ ಮೇಲೆ ಬರೆದು ಅಳಿಸಿ ಹೊಸ ನಕ್ಷೆ ಹಾಕಿದರು. ಅದೇ ವರ್ಷ ಥಾಂಪ್ಸನ್ನರ ಹೆಂಡತಿ ಕೂಸನ್ನು ಕರೆದುಕೊಂಡು ಮೂರು ವಾರ ಕ್ಯಾಲಿಫೋರ್ನಿಯಾಕ್ಕೆ ಹೋದರು. ಆ ಮೂರು ವಾರದಲ್ಲಿ ಗಂಡ ಕುಳಿತು ಯುನಿಕ್ಸ್ ಎಂಬ ವ್ಯವಸ್ಥೆಯ ಮೊದಲ ರೂಪ ಬರೆದು ಮುಗಿಸಿದರು. ನಾವು ತವರಿಗೆ ಹೋದ ಮೂರು ವಾರದಲ್ಲಿ ನಮ್ಮ ಯಜಮಾನರು ಏನು ಕಡಿದು ಕಟ್ಟೆ ಹಾಕುತ್ತಾರೆಂಬುದನ್ನು ನಾನಿಲ್ಲಿ ಬರೆಯುವುದಿಲ್ಲ, ನಿಮಗೇ ಗೊತ್ತಿದೆ.

ಆಗ ಅಪ್ಪಣೆ ಬರೆಯುತ್ತಿದ್ದದ್ದು ಪರದೆಯ ಮೇಲೆ ಅಲ್ಲ. ಟೆಲಿಟೈಪ್ ಎಂಬ ಕಟಕಟೆ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರದಂತೆ ಕಾಗದದ ಮೇಲೆ ಕುಟ್ಟುತ್ತಿತ್ತು. ಅದರ ಗುಂಡಿಗಳನ್ನು ಒತ್ತಿ ಬೆರಳು ಸೋಲುತ್ತಿದ್ದವು. ಹೀಗಾಗಿ ಎರಡಕ್ಷರದಲ್ಲೇ ಕೆಲಸ ಮುಗಿಸುವ ರೂಢಿ ಬಿದ್ದಿತು. ಒಂದು ಕಡೆಯಂತೂ 'ಕ್ರಿಯೇಟ್' ಎಂಬ ಪದದ ಕೊನೆಯ ಇ ಅಕ್ಷರವನ್ನೂ ಬಿಟ್ಟರು. ಮತ್ತೊಮ್ಮೆ ಯುನಿಕ್ಸ್ ಬರೆದರೆ ಏನು ತಿದ್ದುತ್ತೀರಿ ಎಂದು ಮುಂದೆ ಕೇಳಿದಾಗ, ಆ ಇ ಅಕ್ಷರವನ್ನು ಹಾಕುತ್ತೇನೆ ಎಂದರಂತೆ ಥಾಂಪ್ಸನ್. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಇಂಥ ಸಲಕರಣೆಗಳೆಲ್ಲ ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದು ಗ್ನು ಎಂಬ ಯೋಜನೆ ಸಾರಿದರು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕೆಂದು ಇಂಥದೊಂದನ್ನು ಬರೆಯುತ್ತಿರುವೆನೆಂದು ತಿಳಿಸಿದ. ಎರಡೂ ಕೂಡಿದ್ದೇ ನಾವು ಲಿನಕ್ಸ್ ಎನ್ನುವುದು. ನಿಮ್ಮ ಕೈಯಲ್ಲಿನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಆ ಹುಡುಗ ಶುರು ಮಾಡಿದ ಲಿನಕ್ಸೇ.

ಇನ್ನು ನನ್ನನ್ನು ಹಿಡಿದು ನಿಲ್ಲಿಸಿದ ಮಾತಿಗೆ ಬರುತ್ತೇನೆ. ಫೈಲು ಕಪಾಟಿನ ಒಳಗಿದೆ ಎಂದು ನಾವು ತಿಳಿಯುತ್ತೇವೆ. ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಾಗಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಕಪಾಟಿನಲ್ಲಿ ಇರುವುದು ಹೆಸರು ಮಾತ್ರ. ಆ ಹೆಸರಿನ ಮುಂದೆ ಒಂದು ಸಂಖ್ಯೆ. ಆ ಸಂಖ್ಯೆಗೆ ಐನೋಡ್ ಸಂಖ್ಯೆ ಎನ್ನುತ್ತಾರೆ. ನಿಜವಾದ ಫೈಲು ಆ ಸಂಖ್ಯೆಯ ಗುರುತಿನಲ್ಲಿ ಬೇರೆ ಕಡೆ ಇರುತ್ತದೆ. ಎಲ್‌ಎಸ್ ಎಂದು ಬರೆದು ಮುಂದೆ ಅಡ್ಡಗೆರೆ ಹಾಕಿ ಐ ಎಂದರೆ ಆ ಸಂಖ್ಯೆ ಕಾಣುತ್ತದೆ. ಎಂವಿ ಎಂದು ಅದೇ ಡಿಸ್ಕಿನ ಇನ್ನೊಂದು ಕಪಾಟಿಗೆ ಸಾಗಿಸಿ ಮತ್ತೆ ನೋಡಿ: ಹೆಸರು ಬೇರೆ, ದಾರಿ ಬೇರೆ, ಸಂಖ್ಯೆ ಅದೇ! ಒಳಗಿನ ಒಂದಕ್ಷರವೂ ಅಲುಗಿರುವುದಿಲ್ಲ. ಒಂದು ಪಟ್ಟಿಯಲ್ಲಿ ಹೆಸರು ತೆಗೆದು ಇನ್ನೊಂದರಲ್ಲಿ ಬರೆದಿರುತ್ತಾರೆ, ಅಷ್ಟೇ. ಮಸಗುಪ್ಪಿಯನ್ನು ಮೂಡಲಗಿಗೆ ಹಾಕಿದ ಹಾಗೆ.

ಮದುವೆಯಾದ ಹೆಣ್ಣುಮಗಳ ಹಾಗೆ ಎಂದೂ ಹೇಳಬಹುದು. ನಮ್ಮ ಗಡಿಸೀಮೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುವ ಪದ್ಧತಿಯಿತ್ತು. ನನ್ನ ಅವ್ವನಿಗೂ ತವರಿನ ಹೆಸರೊಂದು, ಗಂಡನ ಮನೆಯ ಹೆಸರೊಂದು. ಲಿನಕ್ಸಿನಲ್ಲಿ ಇದಕ್ಕೂ ಅವಕಾಶವಿದೆ. ಎಲ್‌ಎನ್ ಎಂಬ ಅಪ್ಪಣೆಯಿಂದ ಒಂದೇ ಫೈಲಿಗೆ ಎರಡು ಕಪಾಟಿನಲ್ಲಿ ಎರಡು ಹೆಸರು ಬರೆಸಬಹುದು. ಅದರಲ್ಲಿ ಇದು ಅಸಲು, ಅದು ಅಡ್ಡಹೆಸರು ಎಂಬ ಭೇದವಿಲ್ಲ; ಎರಡಕ್ಕೂ ಸಮಾನ ಮಾನ. ಒಂದು ಹೆಸರನ್ನು ಆರ್‌ಎಂ ಎಂದು ತೆಗೆದರೂ ಇನ್ನೊಂದು ಹೆಸರಿರುವ ತನಕ ಫೈಲು ಬದುಕಿರುತ್ತದೆ. ಕೊನೆಯ ಹೆಸರೂ ಹೋದಾಗ ಮಾತ್ರ ಅದು ಇಲ್ಲವಾಗುತ್ತದೆ. ಇನ್ನೊಂದು ಬಗೆಯ ಕೊಂಡಿಯೂ ಇದೆ, ಅದು ಬರೀ ವಿಳಾಸ ಬರೆದ ಚೀಟಿ. ಫೈಲು ಜಾಗ ಬಿಟ್ಟರೆ ಚೀಟಿ ಹಳೆಯ ಮನೆಯ ಬಾಗಿಲು ತಟ್ಟುತ್ತಾ ನಿಲ್ಲುತ್ತದೆ. ನಮ್ಮ ಸರಕಾರಿ ಕಾಗದಗಳೆಲ್ಲ ಹೆಚ್ಚಾಗಿ ಈ ಚೀಟಿಯ ಜಾತಿಯವು.

ಆದರೆ ಎರಡು ಹೆಸರು ಎಂದರೆ ಎರಡು ಪ್ರತಿ ಎಂದು ತಿಳಿಯಬಾರದು. ಒಂದನ್ನು ತಿದ್ದಿದರೆ ಇನ್ನೊಂದೂ ತಿದ್ದಿದಂತೆಯೇ. ಪ್ರತಿ ಬೇಕಾದರೆ ಸಿಪಿ ಎನ್ನಬೇಕು, ಅದೂ ಬೇರೆ ಜಾಗದಲ್ಲಿರಬೇಕು. ಕಪ್ಪು ಪರದೆಯ ಆರ್‌ಎಂ ಅಪ್ಪಣೆಗೆ ಕಸದ ಬುಟ್ಟಿ ಇಲ್ಲ, 'ಖರೇನ ತೆಗೀಲೇನ್ರಿ?' ಎಂದು ಕೇಳುವ ಸೌಜನ್ಯವೂ ಸಾಮಾನ್ಯವಾಗಿ ಇಲ್ಲ. 1998ರಲ್ಲಿ ಪಿಕ್ಸಾರ್ ಎಂಬ ಸಂಸ್ಥೆ ಟಾಯ್ ಸ್ಟೋರಿ 2 ಎಂಬ ಮಕ್ಕಳ ಸಿನಿಮಾ ತಯಾರಿಸುತ್ತಿತ್ತು. ಯಾರೋ ಈ ಅಪ್ಪಣೆಯನ್ನು ತಪ್ಪು ಜಾಗದಲ್ಲಿ ಒತ್ತಿದರು. ನೋಡನೋಡುತ್ತ ಪಾತ್ರಗಳು ಒಂದೊಂದಾಗಿ ಮಾಯವಾಗಿ ಸಿನಿಮಾದ ಬಹುಭಾಗ ಅಳಿಸಿಹೋಯಿತು. ಕಾದಿಟ್ಟ ಪ್ರತಿ ತೆಗೆದು ನೋಡಿದರೆ ಅದೂ ಕೆಟ್ಟಿತ್ತು. ಆಗ ಗೇಲಿನ್ ಸಸ್‌ಮನ್ ಎಂಬ ತಾಂತ್ರಿಕ ಮುಖ್ಯಸ್ಥೆಗೆ ನೆನಪಾಯಿತು. ಹೆರಿಗೆಯಾಗಿ ಕೂಸಿನೊಡನೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆಕೆಯ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾದ ಒಂದು ಪ್ರತಿ ಇತ್ತು! ಆ ಯಂತ್ರಕ್ಕೆ ಕಂಬಳಿ ಹೊದಿಸಿ ಕಾರಿನಲ್ಲಿ ಮೆಲ್ಲಗೆ ತಂದರಂತೆ, ಥೇಟ್ ಬಾಣಂತಿಯನ್ನು ತಂದ ಹಾಗೆ. 1999ರಲ್ಲಿ ಸಿನಿಮಾ ತೆರೆಕಂಡಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು 2019ರ ಆಗಸ್ಟ್. ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಸೀಮೆಯ ಮನೆಗಳಿಗೆ ನುಗ್ಗಿದಾಗ ಎಷ್ಟೋ ಜನರ ಟ್ರಂಕಿನ ಕಾಗದಗಳು ಮುದ್ದೆಯಾದವು. ನೀರು ಇಳಿದ ಮೇಲೆ ಹೆಂಗಸರು ರೇಶನ್ ಕಾರ್ಡು, ಮಾರ್ಕ್ಸ್ ಕಾರ್ಡುಗಳನ್ನು ಹಪ್ಪಳದಂತೆ ಬಿಸಿಲಿಗೆ ಹರವಿದ್ದರು. ಅಂದಿನಿಂದ ಓಣಿಯವರಿಗೆಲ್ಲ ಹೇಳುತ್ತ ಬಂದಿದ್ದೇನೆ: ಆರ್‌ಎಂ ಒತ್ತುವಾಗ ಅಡ್ಡಗೆರೆ ಐ ಸೇರಿಸಿರಿ, ಆಗ ಅದು ಕೇಳಿ ತೆಗೆಯುತ್ತದೆ. ಎಂವಿ ಮತ್ತು ಸಿಪಿ ಒತ್ತುವಾಗಲೂ ಹಾಗೇ ಮಾಡಿರಿ, ಇಲ್ಲದಿದ್ದರೆ ಅಲ್ಲಿ ಮೊದಲೇ ಇದ್ದ ಅದೇ ಹೆಸರಿನ ಫೈಲನ್ನು ತುಳಿದುಹಾಕುತ್ತವೆ. ಒಂದು ಪ್ರತಿ ಬೇರೆ ಮನೆಯಲ್ಲಿರಲಿ.

ಹೆಸರನ್ನು ಕನ್ನಡದಲ್ಲೇ ಇಡಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಇಡಬಹುದು. ಇದಕ್ಕೂ ಅದೇ ಕೆನ್ ಥಾಂಪ್ಸನ್ನರಿಗೆ ಕೈ ಮುಗಿಯಬೇಕು. ಅವರು ರಾಬ್ ಪೈಕ್ ಎಂಬ ಜೊತೆಗಾರನೊಡನೆ 1992ರ ಸೆಪ್ಟೆಂಬರಿನಲ್ಲಿ ಒಂದು ಖಾನಾವಳಿಯ ಮೇಜಿನ ಕಾಗದದ ಮೇಲೆ ಯುಟಿಎಫ್-8 ಎಂಬ ಪದ್ಧತಿಯನ್ನು ಗೀಚಿದರು. ಜಗತ್ತಿನ ಎಲ್ಲ ಲಿಪಿಗಳೂ ಅದರಲ್ಲಿ ಹಿಡಿಸುತ್ತವೆ. ಕನ್ನಡದ ಒಂದೊಂದು ಗುರುತಿಗೆ ಮೂರು ಬೈಟ್ ಜಾಗ. ಕೊಂಬು, ಗುಡಿಸು, ಒತ್ತು ಎಲ್ಲ ಎಣಿಸಿದರೆ ಮಸಗುಪ್ಪಿಗೆ ಎಂಟು ಗುರುತು, 24 ಬೈಟ್. ಒಂದು ಹೆಸರಿಗೆ ಲಿನಕ್ಸ್ 255 ಬೈಟ್ ಕೊಡುತ್ತದೆ, ಮನೆತನದ ಅಡ್ಡಹೆಸರು ಸೇರಿಸಿದರೂ ಸಾಕು. ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತಾರಲ್ಲ, ಅದು ಹಿಂದೆ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ. ನನ್ನ ಪರದೆಯೂ ಹಾಗೆಯೇ ಇದೆ!

ಇಷ್ಟು ಹೇಳಿದ್ದರ ಹಿಂದೆ ಒಂದು ಮನೆಯ ಮಾತಿದೆ. ನನ್ನ ಮದುವೆಯಾದದ್ದು 1991ರಲ್ಲಿ, ಲಿನಕ್ಸ್ ಹುಟ್ಟಿದ ವರ್ಷ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆದರೆ ಅದಕ್ಕಿಂತ ಮೊದಲು ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಬೇರೆ ಕಪಾಟಿಗೆ ಸಾಗಿಸಿದವಳನ್ನು ಈ ಕಪಾಟಿನಿಂದ ಅಳಿಸಿದ ಹಾಗೆ! 2005ರ ಸೆಪ್ಟೆಂಬರ್ 9ರಿಂದ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು.

ಅಪ್ಪ ತೀರಿಕೊಂಡ ಮೇಲೆ ವಂಶವೃಕ್ಷದ ಕಾಗದ ಮಾಡಿಸಲು ಹೋದರೆ, ಬರೆದುಕೊಂಡವರು ತಮ್ಮಂದಿರ ಹೆಸರಿಗೇ ನಿಲ್ಲಿಸಿದ್ದರು. "ನೀವು ಕೊಟ್ಟ ಹೋದವರಲ್ರಿ" ಎಂದರು. ಶಾಲೆಯ ದಾಖಲೆಯಲ್ಲಿ ನನ್ನದು ತವರಿನ ಅಡ್ಡಹೆಸರು, ಆಧಾರಿನಲ್ಲಿ ಗಂಡನ ಮನೆಯದು. ಆಕೆ, ಈಕೆ ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿಕೊಟ್ಟ ಮೇಲೆ ನನ್ನ ಕೊಂಬೆ ಆ ಮರಕ್ಕೆ ಬಂತು. ತಮ್ಮಂದಿರ ಮುಖ ಚಿಕ್ಕದಾಯಿತೆಂದು ನಾನೇ ಹಿಂಜರಿದಾಗ ಎರಡು ಹೆಸರಿನ ನನ್ನ ಅವ್ವ ಹೇಳಿದ್ದು ಒಂದೇ ಮಾತು: "ತಗೊಳ್ಳೂದ ಬಿಡೂದ ಆಮ್ಯಾಲಿಂದ. ಹೆಸರ ಮೊದಲ ಇರಲಿ." ಪಾಲು ತೆಗೆದುಕೊಳ್ಳುವುದೋ ಬಿಡುವುದೋ ನಾವು ಅಕ್ಕ ತಮ್ಮಂದಿರು ಕುಳಿತು ಮಾತಾಡಿಕೊಳ್ಳುತ್ತೇವೆ. ಆದರೆ ಹೆಸರೇ ಇಲ್ಲದವಳು ಏನನ್ನು ಬಿಟ್ಟುಕೊಟ್ಟಾಳು?

ಈಗ ನನ್ನ ಕಂಪ್ಯೂಟರಿನಲ್ಲಿ 'ಕಾಗದಪತ್ರ' ಎಂಬ ಡೈರೆಕ್ಟರಿ ಇದೆ. ಅದರೊಳಗೆ 'ತವರು' ಮತ್ತು 'ಮನೆ' ಎಂಬ ಎರಡು. ಪ್ರಮಾಣಪತ್ರದ ಫೈಲಿಗೆ ಎರಡರಲ್ಲೂ ಹೆಸರು ಬರೆಸಿದ್ದೇನೆ. ಎಲ್ಲದರ ಒಂದು ಪ್ರತಿ ಬೆಂಗಳೂರಿನಲ್ಲಿ ಮಗಳ ಹತ್ತಿರ ಪೆನ್ ಡ್ರೈವಿನಲ್ಲಿದೆ. ಆಗಾಗ ಎರಡೂ ಕಪಾಟು ತೆರೆದು ಎಲ್‌ಎಸ್ ಅಡ್ಡಗೆರೆ ಐ ಒತ್ತಿ ನೋಡುತ್ತೇನೆ. ಎರಡೂ ಕಡೆ ಒಂದೇ ಸಂಖ್ಯೆ ಬರುತ್ತದೆ.